ಸುಂಕದ ಕಟ್ಟೆಯಲ್ಲಿ ಕೂತ ಕಾಸು

'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ' ಎಂಬ ಗಾದೆ ಹುಟ್ಟಿದ್ದು ಎತ್ತಿನ ಗಾಡಿಯ ಕಾಲದಲ್ಲಿ. ಹೇರು ಹೊತ್ತು ಬಂದ ವರ್ತಕ ಬಿಸಿಲು, ಮಳೆ, ಕಳ್ಳಕಾಕರ ಕಥೆಯನ್ನೆಲ್ಲ ಹೇಳಿಕೊಂಡರೂ ಕಟ್ಟೆಯ ಮೇಲೆ ಕೂತವನ ಕಣ್ಣು ಮೂಟೆಯ ಮೇಲೆಯೇ. ಗಾಡಿಗಳು ಹೋದವು, ಊರೂರಿನ ಸುಂಕದ ಕಟ್ಟೆಗಳೂ ಹೋದವು. 2017ರಲ್ಲಿ ಜಿ.ಎಸ್.ಟಿ. ಬಂದಾಗ ಎಷ್ಟೋ ರಾಜ್ಯಗಳ ಗಡಿ ಚೆಕ್‌ಪೋಸ್ಟುಗಳೂ ಎದ್ದುಹೋದವು. ಆದರೂ ಆ ಗಾದೆಯ ಅರ್ಥವನ್ನು ಇಂದಿಗೂ ಚೆನ್ನಾಗಿ ಬಲ್ಲ ಒಂದು ಸಣ್ಣ ಪಂಗಡ ಉಳಿದಿದೆ. ಅದು ಪರದೇಶದಿಂದ ಹಳೆಯ ನಾಣ್ಯ ತರಿಸುವ ಹವ್ಯಾಸಿಗಳ ಪಂಗಡ.

ನಾಣ್ಯ ಸಂಗ್ರಹವೆಂದರೆ ಬೆಂಗಳೂರು, ಮುಂಬಯಿಯ ಸಿರಿವಂತರ ಷೋಕಿ ಎಂದು ತಿಳಿದವರುಂಟು. ಆದರೆ ಈ ಹುಚ್ಚಿಗೆ ಊರು ಕೇರಿಯ ಭೇದವಿಲ್ಲ. ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರವನ್ನೇ ತೆಗೆದುಕೊಳ್ಳಿ. ವೇದಾವತಿಯ ಬದಿಯ ಹೋಬಳಿ ಊರು. ಆಚೆ ನಾಲ್ಕು ಹೆಜ್ಜೆ ಹೋದರೆ ಆಂಧ್ರದ ಗಡಿ. ಸುತ್ತ ಶೇಂಗಾ ಹೊಲ, ಕುರಿಹಿಂಡು, ಕಂಬಳಿ ಮಗ್ಗ. ಇಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಇದ್ದಾರೆಂದು ಕಲ್ಪಿಸಿಕೊಳ್ಳಿ. ಪಿಂಚಣಿಯಲ್ಲಿ ಉಳಿಸಿದ ದುಡ್ಡಿನಿಂದ ಅವರು ಲಂಡನ್ನಿನ ವ್ಯಾಪಾರಿಯೊಬ್ಬನಿಂದ ಒಂದು ತಾಮ್ರದ ಪೈಸೆ ಕೊಂಡಿದ್ದಾರೆ. ತೂಕ ಸುಮಾರು ಒಂದು ತೊಲ. ಒಂದು ಮುಖದಲ್ಲಿ ಆನೆ, ಇನ್ನೊಂದು ಮುಖದಲ್ಲಿ ಪರ್ಶಿಯನ್ ಅಕ್ಷರ. ದುಡ್ಡು ಕೊಟ್ಟು ಎರಡು ತಿಂಗಳಾಯಿತು. ದಿನವೂ ಅಂಚೆ ಕಚೇರಿಯ ಮುಂದೆ ಅದೇ ಮಾತು:

"ಬಂತೇನಪ್ಪಾ ನನ್ ಲಕೋಟೆ?"

"ಇಲ್ಲ ಮೇಷ್ಟ್ರೇ, ಇನ್ನೂ ಕಸ್ಟಮ್ಸ್‌ನಾಗೇ ಐತಂತೆ."

ಮೇಷ್ಟ್ರು ಕಲ್ಪನೆಯವರು, ಕಾಯುವಿಕೆ ಕಲ್ಪನೆಯದಲ್ಲ. ಹೊರದೇಶದಿಂದ ನಾಣ್ಯ ತರಿಸಿದವರಲ್ಲಿ ಬಹುಮಂದಿಗೆ ಒಂದಲ್ಲ ಒಂದು ಸಲ ಇದರ ರುಚಿ ಸಿಕ್ಕಿರುತ್ತದೆ. ಹಾಗಾದರೆ ಒಂದು ತೊಲ ತಾಮ್ರಕ್ಕೆ ಇಷ್ಟು ತಡವೇಕೆ? ಅದಕ್ಕಿಂತ ಮುಖ್ಯವಾಗಿ, ತಡವಾದಾಗ ಮಾಡಬೇಕಾದ್ದೇನು, ಮಾಡಬಾರದ್ದೇನು?

ಊರಿಗೆ ಮರಳುವ ಪೈಸೆ

ಮೊದಲು ಆ ಪೈಸೆಯ ಕಥೆ. 1779ರಲ್ಲಿ ಚಿತ್ರದುರ್ಗದ ಕೋಟೆ ಹೈದರಾಲಿಯ ವಶವಾಯಿತು. ಆಮೇಲೆ ಟಿಪ್ಪು ತನ್ನ ಟಂಕಸಾಲೆಗಳಿರುವ ಊರುಗಳಿಗೆ ಹೊಸ ಹೆಸರು ಕೊಟ್ಟ. ಧಾರವಾಡ ಖುರ್ಷೀದ್ ಸವಾದ್ ಆಯಿತು, ಗುತ್ತಿ ಫೈಜ್ ಹಿಸಾರ್ ಆಯಿತು, ಚಿತ್ರದುರ್ಗ ಫರ್ರುಖ್‌ಯಾಬ್ ಹಿಸಾರ್ ಆಯಿತು. ಆ ಹೆಸರನ್ನು ಹೊತ್ತ, ಆನೆಯ ಚಿತ್ರದ ತಾಮ್ರದ ನಾಣ್ಯಗಳು ಚಿತ್ರದುರ್ಗದಲ್ಲಿ ಅಚ್ಚಾದವು. ಟಿಪ್ಪು ಮೌಲೂದಿ ಎಂಬ ಹೊಸ ಶಕೆಯನ್ನು ತಂದು, ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದುವಂತೆ ಕೊರೆಸಿದ. ತಿಳಿಯದವರು ಓದಿದರೆ ಇಸವಿಯೇ ತಲೆಕೆಳಗು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಕಾಲದ ವಸ್ತುಗಳು ಬ್ರಿಟಿಷ್ ಅಧಿಕಾರಿಗಳ, ಸಿಪಾಯಿಗಳ ಪೆಟ್ಟಿಗೆ ಸೇರಿ ಹಡಗು ಹತ್ತಿದವು. ನಾಣ್ಯಗಳೂ ಹೋದವು. ಅವರ ಮೊಮ್ಮಕ್ಕಳ ಕಾಲಕ್ಕೆ ಹರಾಜಾದವು. ಹೀಗಾಗಿ ಚಿತ್ರದುರ್ಗದ ಪೈಸೆಗೆ ಲಂಡನ್ನಿನಲ್ಲಿ ಗಿರಾಕಿ ಹುಡುಕುವ ವ್ಯಾಪಾರಿ ಇರುವುದು ಸೋಜಿಗವೇನಲ್ಲ. ತನ್ನ ಟಂಕಸಾಲೆಯಿಂದ ಹೆಚ್ಚು ದೂರವಿಲ್ಲದ ಪರಶುರಾಂಪುರಕ್ಕೆ ಬರಲು ಆ ಪೈಸೆ ಎರಡು ಸಲ ಸಮುದ್ರ ದಾಟಬೇಕಾಯಿತು, ಅಷ್ಟೇ.

ಎರಡು ಸಾವಿರ ವರ್ಷದ ಹಳೆಯ ಕಿರಿಕಿರಿ

ಪರದೇಶದ ನಾಣ್ಯ ಈ ಸೀಮೆಗೆ ಹೊಸದಲ್ಲ. ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯಲ್ಲಿ ಡಾ. ಎಂ.ಎಚ್. ಕೃಷ್ಣ ಅವರು 1929ರಲ್ಲಿ ಉತ್ಖನನ ಮಾಡಿಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಲ್ಲಿ ಅಗೆದ. ಅದೇ ವರ್ಷ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೂ ಅಗೆದ. ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯಗಳ ಜೊತೆಗೆ ರೋಮ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ತಿಬೇರಿಯಸರ ಬೆಳ್ಳಿಯ ದಿನಾರಿಗಳು ದೊರೆತವು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ, ಎಚ್.ಎ.ಎಲ್. ವಿಮಾನ ನಿಲ್ದಾಣದ ಬಳಿ 1965ರಲ್ಲಿ ಇಂಥವೇ ರೋಮನ್ ಬೆಳ್ಳಿ ನಾಣ್ಯಗಳ ಗಡಿಗೆಗಳು ಸಿಕ್ಕಿದ್ದವು. ಭಾರತದ ಸರಕಿಗಾಗಿ ವರ್ಷವರ್ಷವೂ ಐದು ಕೋಟಿ ಸೆಸ್ಟರ್ಸ್ ಹಣ ರೋಮ್ ಸಾಮ್ರಾಜ್ಯದಿಂದ ಹರಿದುಹೋಗುತ್ತಿದೆ ಎಂದು ಆ ಕಾಲದ ಪ್ಲಿನಿ ಎಂಬ ಪಂಡಿತ ಗೊಣಗಿದ್ದಾನೆ. ಆ ಹರಿವಿನ ಒಂದೆರಡು ಹನಿ ಚಿತ್ರದುರ್ಗದ ಬಂಡೆಗಳ ನಡುವೆಯೂ ಬಿದ್ದಿತ್ತು.

ಆಗ ಸುಂಕವಿರಲಿಲ್ಲವೇ? ಧಾರಾಳವಾಗಿತ್ತು. ಕೇರಳದ ಮುಜಿರಿಸ್‌ನಿಂದ ಈಜಿಪ್ಟಿಗೆ 'ಹರ್ಮಪೋಲನ್' ಎಂಬ ಹಡಗಿನಲ್ಲಿ ಹೋದ ಆನೆದಂತ ಮುಂತಾದ ಸರಕಿನ ಲೆಕ್ಕ ಎರಡನೆಯ ಶತಮಾನದ ಒಂದು ಪಪೈರಸ್ ಸುರುಳಿಯಲ್ಲಿ ಉಳಿದಿದೆ. ಅದು ಈಗ ವಿಯೆನ್ನಾದಲ್ಲಿದೆ. ಅದರಂತೆ ಸರಕಿನ ನಾಲ್ಕನೆಯ ಒಂದು ಪಾಲು ಸುಂಕಕ್ಕೇ ಹೋಗುತ್ತಿತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶುಲ್ಕಾಧ್ಯಕ್ಷನಿಗೇ ಒಂದು ಅಧ್ಯಾಯವಿದೆ. ಊರಬಾಗಿಲ ಬಳಿ ಬಾವುಟ ಕಟ್ಟಿದ ಸುಂಕದ ಮನೆ. ಅಲ್ಲಿ ನಾಲ್ಕೈದು ಮಂದಿ ಕೂತು, ವರ್ತಕ ಯಾರು, ಎಲ್ಲಿಂದ ಬಂದ, ಎಷ್ಟು ಸರಕು, ಮುದ್ರೆ ಎಲ್ಲಿ ಹಾಕಿಸಿದ ಎಂದು ಬರೆದುಕೊಳ್ಳಬೇಕು. ಮುದ್ರೆಯಿಲ್ಲದ ಸರಕಿಗೆ ಎರಡರಷ್ಟು, ಖೋಟಾ ಮುದ್ರೆಗೆ ಎಂಟರಷ್ಟು ಸುಂಕ. ಇಂದಿನ ಕಸ್ಟಮ್ಸ್ ಫಾರಂ ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಇವೇ.

ಕನ್ನಡ ನಾಡಿನ ಶಾಸನಗಳಲ್ಲಂತೂ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರು ಮತ್ತೆ ಮತ್ತೆ ಬರುತ್ತವೆ. ಸುಂಕದವರೆಲ್ಲ ಕಲ್ಲುಹೃದಯದವರೆಂದು ತಿಳಿಯಬೇಕಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಎಂಬ ವಚನಕಾರನೇ ಇದ್ದ. ಕಾಯಕ ಸುಂಕದ್ದು, ಬಾಳು ಶರಣನದು.

ಲಕೋಟೆಯ ಪಯಣ

ಈಗ ಮೇಷ್ಟ್ರ ಲಕೋಟೆಯ ಹಿಂದೆ ಹೋಗಬಹುದು. ದೇಶದೇಶಗಳ ನಡುವಿನ ಅಂಚೆಗೆ ನಿಯಮ ಮಾಡುವುದು ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಲ್ಲಿ 1874ರಲ್ಲಿ ಹುಟ್ಟಿದ ವಿಶ್ವ ಅಂಚೆ ಒಕ್ಕೂಟ. ಭಾರತ ಅದನ್ನು ಸೇರಿದ್ದು 1876ರಲ್ಲಿ. ಈ ಒಕ್ಕೂಟದ ನಿಯಮದಲ್ಲಿ ನಾಣ್ಯಕ್ಕೆಂದೇ ಒಂದು ಮಾತಿದೆ. ನಾಣ್ಯ, ನೋಟು, ಚಿನ್ನ, ಬೆಳ್ಳಿ, ರತ್ನಗಳನ್ನು ವಿಮೆಯಿಲ್ಲದ ಸಾದಾ ಕಾಗದದ ಅಂಚೆಯಲ್ಲಿ ಹಾಕುವಂತಿಲ್ಲ. ಎರಡೂ ದೇಶಗಳ ಕಾನೂನು ಒಪ್ಪಿದರೆ ಮಾತ್ರ ಮುಚ್ಚಿದ ಲಕೋಟೆಯಲ್ಲಿ ರಿಜಿಸ್ಟರ್ ಮಾಡಿ ಕಳಿಸಬಹುದು. ಅಗ್ಗವಾಯಿತೆಂದು ಸಾದಾ ಲಕೋಟೆಯಲ್ಲಿ ನಾಣ್ಯ ತುರುಕಿ ಕಳಿಸುವ ಮಾರಾಟಗಾರ ಮೊದಲ ಹೆಜ್ಜೆಯಲ್ಲೇ ನಿಯಮ ಮುರಿದಿರುತ್ತಾನೆ. ಅದು ಕಳೆದುಹೋದರೆ ಕೇಳುವ ಹಕ್ಕೂ ಇಲ್ಲ.

ರಿಜಿಸ್ಟರ್ ಆದ ಲಕೋಟೆಗೆ 13 ಅಕ್ಷರ ಮತ್ತು ಅಂಕಿಗಳ ಒಂದು ಗುರುತು ಸಿಗುತ್ತದೆ. ಮೊದಲು ಎರಡು ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಗೆ ಕಳಿಸಿದ ದೇಶದ ಎರಡು ಅಕ್ಷರ. 'ಆರ್' ಎಂದು ಆರಂಭವಾದರೆ ರಿಜಿಸ್ಟರ್ ಕಾಗದ, 'ಸಿ' ಎಂದರೆ ಪಾರ್ಸಲ್, 'ಇ' ಎಂದರೆ ತ್ವರಿತ ಅಂಚೆ. ಕೊನೆಯಲ್ಲಿ 'ಜಿಬಿ' ಇದ್ದರೆ ಬ್ರಿಟನ್ನಿನಿಂದ ಹೊರಟದ್ದು. ಒಂಬತ್ತನೆಯ ಅಂಕಿ ಮಿಕ್ಕ ಎಂಟರ ಲೆಕ್ಕ ಸರಿಯಿದೆಯೇ ಎಂದು ನೋಡುವ ಕಾವಲು ಅಂಕಿ. ಈ ಗುರುತನ್ನು ಎರಡೂ ದೇಶಗಳ ಅಂಚೆಯಲ್ಲಿ ವಿಚಾರಿಸಬಹುದು.

ಲಕೋಟೆಯ ಮೇಲೆ ಕಸ್ಟಮ್ಸ್ ಘೋಷಣೆಯ ಚೀಟಿ ಇರಲೇಬೇಕು. ಸಣ್ಣ ಬೆಲೆಯದಕ್ಕೆ ಸಿ.ಎನ್. 22, ಬೆಲೆ ಹೆಚ್ಚಿದ್ದರೆ ಅಥವಾ ಪಾರ್ಸಲ್ ಆದರೆ ಸಿ.ಎನ್. 23. ಒಳಗೇನಿದೆ, ಎಷ್ಟಿದೆ, ತೂಕವೆಷ್ಟು, ಬೆಲೆಯೆಷ್ಟು ಎಂದು ಅದರಲ್ಲಿ ಬರೆಯಬೇಕು.

ವಿಮಾನದಿಂದ ಇಳಿದ ಅಂಚೆ ಚೀಲಗಳು ವಿದೇಶಿ ಅಂಚೆ ಕಚೇರಿಗೆ ಹೋಗುತ್ತವೆ. ಮುಂಬಯಿ, ದೆಹಲಿ, ಕೋಲ್ಕತ್ತಾ, ಚೆನ್ನೈಗಳಲ್ಲಿ ದೊಡ್ಡ ಕಚೇರಿಗಳಿವೆ; ಬೆಂಗಳೂರಿನಲ್ಲೂ ಒಂದಿದೆ. ಅಲ್ಲಿ ಕಸ್ಟಮ್ಸ್ ಅಧಿಕಾರಿಗಳು ಚೀಟಿ ನೋಡುತ್ತಾರೆ, ಎಕ್ಸ್‌ರೇ ಹಾಯಿಸುತ್ತಾರೆ. ಬಟ್ಟೆ, ಪುಸ್ತಕಗಳ ನಡುವೆ ದುಂಡಗಿನ ಲೋಹ ಎಕ್ಸ್‌ರೇಯಲ್ಲಿ ಎದ್ದು ಕಾಣುತ್ತದೆ. ಅನುಮಾನ ಬಂದರೆ ಲಕೋಟೆ ಬಿಚ್ಚಿ ನೋಡುತ್ತಾರೆ. ಇಲ್ಲಿಂದ ಮುಂದೆ ತಡ ಶುರು.

ತಡಕ್ಕೆ ಕಾರಣಗಳು

ಮೊದಲನೆಯ ಕಾರಣ ಚೀಟಿಯೇ. ಮಾರಾಟಗಾರ ಗಿರಾಕಿಗೆ ಉಪಕಾರ ಮಾಡುವ ಹುರುಪಿನಲ್ಲಿ 'ಲೋಹದ ಬಿಲ್ಲೆ' ಎಂದೋ 'ಗಿಫ್ಟ್' ಎಂದೋ ಬರೆದು, ನೂರು ಪೌಂಡಿನ ನಾಣ್ಯಕ್ಕೆ ಐದು ಪೌಂಡ್ ಬೆಲೆ ಹಾಕುತ್ತಾನೆ. ಒಳಗೆ ನೋಡಿದರೆ ಇನ್ನೂರು ವರ್ಷದ ನಾಣ್ಯ. ಅಧಿಕಾರಿಗೆ ಅನುಮಾನ ಬಾರದೆ ಇರುತ್ತದೆಯೇ? 'ಗಿಫ್ಟ್' ಎಂಬ ಪದಕ್ಕೆ ಈಗ ಮಹಿಮೆಯೂ ಇಲ್ಲ. ಅಂಚೆ ಮತ್ತು ಕೊರಿಯರಿನಲ್ಲಿ ಬರುವ ವಸ್ತುವನ್ನು ಉಡುಗೊರೆಯೆಂದು ಸುಂಕವಿಲ್ಲದೆ ಬಿಡಿಸಿಕೊಳ್ಳುವ ಸೌಲಭ್ಯವನ್ನು ಸರ್ಕಾರ 2019ರ ಡಿಸೆಂಬರಿನಲ್ಲಿ ತೆಗೆದುಹಾಕಿತು. ಜೀವರಕ್ಷಕ ಔಷಧಿ ಮತ್ತು ರಾಖಿಗೆ ಮಾತ್ರ ವಿನಾಯಿತಿ ಉಳಿಯಿತು. ಪೂರ್ತಿ ಸುಂಕ ಕಟ್ಟಿದರೆ ಉಡುಗೊರೆ ತರಿಸಲು ಅಡ್ಡಿಯಿಲ್ಲ. ಅಮೆರಿಕದ ಮಗ ಊರಿನ ಅಪ್ಪನಿಗೆ ಪ್ರೀತಿಯಿಂದ ಕಳಿಸಿದ ನಾಣ್ಯಕ್ಕೂ ಇದೇ ನಿಯಮ.

ಎರಡನೆಯದು, ನಾಣ್ಯ ಎಂದರೇನು ಎಂಬ ಪ್ರಶ್ನೆ. ನಗುವ ಮಾತಲ್ಲ ಇದು. ಲೋಕದ ಸರಕನ್ನೆಲ್ಲ ಅಂಕಿಗಳಲ್ಲಿ ವಿಂಗಡಿಸುವ ಕಸ್ಟಮ್ಸ್ ಪಟ್ಟಿಯಲ್ಲಿ ನಾಣ್ಯ 7118ನೆಯ ಶೀರ್ಷಿಕೆಯಲ್ಲಿದೆ. ನಾಣ್ಯಶಾಸ್ತ್ರದ ದೃಷ್ಟಿಯಿಂದ ಸಂಗ್ರಹಯೋಗ್ಯವಾದದ್ದು 9705ರಲ್ಲಿದೆ. ನೂರು ವರ್ಷ ಮೀರಿದ ಪುರಾತನ ವಸ್ತುಗಳಿಗೆ 9706 ಇದೆ. ಸ್ವಂತ ಬಳಕೆಗೆಂದು ಅಂಚೆಯಲ್ಲಿ ಬಂದದ್ದಕ್ಕೆ ಭಾರತದ ಪಟ್ಟಿಯಲ್ಲಿ 9804 ಇದೆ. ಯಾವ ಮನೆಗೆ ಸೇರಿಸುತ್ತಾರೋ ಅದರಂತೆ ಸುಂಕ. ದರಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತವೆ. ಚಿನ್ನ, ಬೆಳ್ಳಿಯಾದರೆ ಬೇರೆ ಕಟ್ಟುಪಾಡುಗಳೂ ಸೇರಿಕೊಳ್ಳುತ್ತವೆ. ದಿನಕ್ಕೆ ನೂರಾರು ಲಕೋಟೆ ನೋಡುವ ಅಧಿಕಾರಿಗೆ ಮೌಲೂದಿ ಶಕೆಯ ಪೈಸೆಯನ್ನು ಓದಲು ಬರಬೇಕೆಂದು ಬಯಸುವುದು ಅತಿಯಾಸೆ. ಅವರು ಕಾಗದ ಬರೆದು ಕೇಳುತ್ತಾರೆ: ಬಿಲ್ಲು ಕೊಡಿ, ಹಣ ಕಟ್ಟಿದ್ದಕ್ಕೆ ಪುರಾವೆ ಕೊಡಿ, ಗುರುತಿನ ಚೀಟಿ ಕೊಡಿ.

ಮೂರನೆಯ ಕಾರಣ ಇಲ್ಲೇ ಇದೆ. ಹೋಬಳಿ ಊರಿನ ವಿಳಾಸದಲ್ಲಿ ಪಿನ್‌ಕೋಡ್ ತಪ್ಪಿದ್ದರೆ, ಫೋನ್ ನಂಬರ್ ಇಲ್ಲದಿದ್ದರೆ ಆ ಕಾಗದ ಅಲೆಯುತ್ತದೆ. ಬಂದರೂ ಇಂಗ್ಲಿಷಿನಲ್ಲಿರುವ ಸರ್ಕಾರಿ ಕಾಗದವೆಂದು ಕೆಲವರು ಹೆದರಿ ಸುಮ್ಮನಾಗುತ್ತಾರೆ. ಉತ್ತರ ಬಾರದ ಲಕೋಟೆ ಕೊನೆಗೆ ಬಂದ ದಾರಿಗೇ ಹೋಗಬಹುದು.

ನಾಲ್ಕನೆಯದು ಲೋಕದ ಗದ್ದಲ. 2020ರ ಮಾರ್ಚಿಯಲ್ಲಿ ಕೊರೋನಾ ಕಾರಣದಿಂದ ಅಂತರರಾಷ್ಟ್ರೀಯ ವಿಮಾನಗಳು ನಿಂತಾಗ ಅಂಚೆಯೂ ನಿಂತಿತು. 2025ರ ಮೇ ತಿಂಗಳಲ್ಲಿ ಭಾರತ ಪಾಕಿಸ್ತಾನದ ಎಲ್ಲ ಸರಕಿನ ಆಮದನ್ನು ನಿಷೇಧಿಸಿ, ಅಂಚೆ ವಿನಿಮಯವನ್ನೂ ನಿಲ್ಲಿಸಿತು. ಬೇರೊಂದು ದೇಶದ ಮೂಲಕ ಸುತ್ತಿ ಬಂದರೂ ನಿಷೇಧ ನಿಷೇಧವೇ ಎಂದು ಆ ಆದೇಶ ಹೇಳಿತು. ಅದೇ ವರ್ಷ ಅಮೆರಿಕ 800 ಡಾಲರಿನವರೆಗಿನ ಸರಕಿಗಿದ್ದ ಸುಂಕ ವಿನಾಯಿತಿಯನ್ನು ಆಗಸ್ಟ್ 29ರಿಂದ ತೆಗೆಯಿತು. ಸುಂಕ ಯಾರು ವಸೂಲಿ ಮಾಡಬೇಕು, ಹೇಗೆ ಕಟ್ಟಬೇಕು ಎಂಬುದೇ ಸ್ಪಷ್ಟವಿರಲಿಲ್ಲವಾಗಿ ಭಾರತೀಯ ಅಂಚೆ ಆಗಸ್ಟ್ 25ರಿಂದ ಅಲ್ಲಿಗೆ ಹೋಗುವ ಹೆಚ್ಚಿನ ಸರಕಿನ ಬುಕಿಂಗ್ ನಿಲ್ಲಿಸಿ, ಅಕ್ಟೋಬರ್ 15ರಿಂದ ಮತ್ತೆ ಆರಂಭಿಸಿತು. ಅಮೆರಿಕದ ಗೆಳೆಯರೊಡನೆ ಹೊಸ ನಾಣ್ಯಗಳ ಅದಲುಬದಲು ಮಾಡುವವರು ಆ ಏಳು ವಾರ ಕೈಕಟ್ಟಿ ಕೂತರು.

ನೂರು ವರ್ಷದ ಗೆರೆ

ಬರುವ ನಾಣ್ಯದ ಮಾತು ಇಷ್ಟಾಯಿತು. ಹೋಗುವ ನಾಣ್ಯದ ಮಾತು ಇದಕ್ಕಿಂತ ಗಂಭೀರ. ಇಲ್ಲಿ ತಡವಲ್ಲ, ಜೈಲು.

1972ರಲ್ಲಿ ಆದ ಪುರಾತನ ವಸ್ತು ಮತ್ತು ಕಲಾ ಸಂಪತ್ತು ಕಾಯಿದೆ 1976ರ ಏಪ್ರಿಲ್ 5ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಯಾವುದೇ ನಾಣ್ಯ ಪುರಾತನ ವಸ್ತು. ಅದನ್ನು ದೇಶದ ಹೊರಗೆ ಕಳಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆಗೆ ಮಾತ್ರ. ಮೀರಿದವರಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಸಜೆ, ಜೊತೆಗೆ ದಂಡ. ಇದಲ್ಲದೆ ಕಸ್ಟಮ್ಸ್ ಕಾಯಿದೆಯ ಕ್ರಮ ಬೇರೆ.

ಈ ನೂರು ವರ್ಷದ ಗೆರೆ ನಿಂತಲ್ಲಿ ನಿಲ್ಲುವುದಿಲ್ಲ, ವರ್ಷವರ್ಷವೂ ಮುಂದೆ ಸರಿಯುತ್ತದೆ. 1911ರಲ್ಲಿ ಐದನೆಯ ಜಾರ್ಜ್ ದೊರೆಯ ರೂಪಾಯಿ ಬಂದಾಗ ಅವನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಗಲಾಟೆಯೆದ್ದು, ನಾಣ್ಯ ಹಿಂದಕ್ಕೆ ಹೋದ ಕಥೆ ಹವ್ಯಾಸಿಗಳಿಗೆಲ್ಲ ಗೊತ್ತು. ಆ 'ಹಂದಿ ರೂಪಾಯಿ' 2010ರಲ್ಲಿ ಬರಿಯ ಹಳೆಯ ನಾಣ್ಯವಾಗಿತ್ತು. 2011ರಲ್ಲಿ ಪುರಾತನ ವಸ್ತುವಾಯಿತು. ನಿನ್ನೆ ಕಳಿಸಬಹುದಾಗಿದ್ದು ಇವತ್ತು ಕಳಿಸುವಂತಿಲ್ಲ.

ಕಾಯಿದೆಯ ವ್ಯಾಖ್ಯೆಯಲ್ಲಿ 'ಭಾರತದಲ್ಲಿ ಅಚ್ಚಾದ ನಾಣ್ಯ' ಎಂಬ ಮಾತಿಲ್ಲ ಎನ್ನುವುದನ್ನು ಹವ್ಯಾಸಿಗಳು ಗಮನಿಸಬೇಕು. ಮೇಷ್ಟ್ರ ಪೈಸೆ ಲಂಡನ್ನಿನಿಂದ ಬಂದು, ಕೈಗೆ ಸಿಕ್ಕ ಮೇಲೆ ಚಿತ್ರದಲ್ಲಿದ್ದಷ್ಟು ಚೆನ್ನಾಗಿಲ್ಲ ಎನಿಸಿತೆನ್ನಿ. ವ್ಯಾಪಾರಿ 'ಮೂವತ್ತು ದಿನದೊಳಗೆ ವಾಪಸು ಕಳಿಸಿ, ಹಣ ಕೊಡುತ್ತೇನೆ' ಎಂದಿದ್ದಾನೆ. ಆದರೆ ಇನ್ನೂರು ವರ್ಷ ದಾಟಿದ ಆ ಪೈಸೆಯನ್ನು ಅಂಚೆಗೆ ಹಾಕುವಂತಿಲ್ಲ! ಒಳಗೆ ಬಂದ ಬಾಗಿಲಲ್ಲಿ ಹೊರಗೆ ಹೋಗುವಂತಿಲ್ಲ. ವ್ಯಾಪಾರಿಯ ಭರವಸೆ ಭಾರತದ ಹಳೆಯ ನಾಣ್ಯದ ಗಿರಾಕಿಗೆ ಕಾಗದದ ಮೇಲಿನ ಸಕ್ಕರೆ. ಕೊಳ್ಳುವ ಮುಂಚೆಯೇ ತೂಕ, ಅಳತೆ, ಎರಡೂ ಮುಖದ ಚಿತ್ರ ತರಿಸಿ, ಬಲ್ಲವರಿಗೆ ತೋರಿಸಬೇಕಾದ್ದು ಇದಕ್ಕೇ.

ಪರದೇಶದಲ್ಲಿ ನೆಲೆಸಿದ ಮಕ್ಕಳು ರಜೆಗೆ ಬಂದು ಹೋಗುವಾಗ ಅಜ್ಜಿಯ ಪೆಟ್ಟಿಗೆಯಿಂದ 'ನೆನಪಿಗೆ ಒಂದಿರಲಿ' ಎಂದು ಎರಡು ಕಾಸು ಕೇಳುವುದುಂಟು. ಅಜ್ಜಿಯೂ ಸಂತೋಷದಿಂದ ಸೆರಗಿನ ಗಂಟು ಬಿಚ್ಚುತ್ತಾಳೆ. ಕಳ್ಳಸಾಗಣೆಯ ಯೋಚನೆ ಇಬ್ಬರ ಕನಸಿನಲ್ಲೂ ಇಲ್ಲ. ಆದರೆ ಕಾನೂನು ಕೇಳುವುದು ನಾಣ್ಯದ ವಯಸ್ಸನ್ನು, ಮೊಮ್ಮಗನ ಪ್ರೀತಿಯನ್ನಲ್ಲ. ಅಜ್ಜಿಯ ಕಾಸಿನ ಸರದಲ್ಲಿ ಹಳೆಯ ಕಾಲದ ನಾಣ್ಯಗಳಿದ್ದರೂ ಒಂದು ಮಾತು ವಿಚಾರಿಸುವುದು ಕ್ಷೇಮ. ವಸ್ತು ಪುರಾತನವೋ ಅಲ್ಲವೋ ಎಂದು ನಿರ್ಧರಿಸುವ ಅಧಿಕಾರ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಗಿದೆ. ಅಲ್ಲವೆಂದು ತೀರ್ಮಾನವಾದರೆ ಪ್ರಮಾಣಪತ್ರ ಕೊಡುತ್ತಾರೆ.

ತಡದ ನೆರಳಲ್ಲಿ ಕಳ್ಳ

ಕಸ್ಟಮ್ಸ್ ತಡದಿಂದ ಹುಟ್ಟಿದ ಇನ್ನೊಂದು ಪೀಡೆ ಮೋಸಗಾರರದು. 'ನಿಮ್ಮ ಪಾರ್ಸಲ್ ಕಸ್ಟಮ್ಸಿನಲ್ಲಿ ನಿಂತಿದೆ, ಈ ಖಾತೆಗೆ ಹಣ ಹಾಕಿ, ಇಲ್ಲವಾದರೆ ಅರೆಸ್ಟ್' ಎಂದು ಫೋನ್ ಬರುತ್ತದೆ. ನಿಜವಾಗಿಯೂ ಪಾರ್ಸಲ್ ಕಾಯುತ್ತಿರುವವನು ಇದಕ್ಕೆ ಬಲು ಬೇಗ ಬೀಳುತ್ತಾನೆ. ಇನ್ನೊಂದು ಬಗೆ ಹಳ್ಳಿಗಳಲ್ಲಿ ಹೆಚ್ಚು: 'ನಿಮ್ಮ ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆಯಿದೆ, ರಿಸರ್ವ್ ಬ್ಯಾಂಕಿನ ಮೂಲಕ ಕೊಡಿಸುತ್ತೇವೆ, ಮೊದಲು ತೆರಿಗೆ ಕಟ್ಟಿ.' ರಿಸರ್ವ್ ಬ್ಯಾಂಕು ಇಂಥ ವ್ಯವಹಾರದಲ್ಲಿ ತಾನಿಲ್ಲ, ಯಾರಿಗೂ ಇಂಥ ಶುಲ್ಕ ವಸೂಲಿಯ ಅಧಿಕಾರ ಕೊಟ್ಟಿಲ್ಲ ಎಂದು 2021ರ ಆಗಸ್ಟಿನಲ್ಲಿ ಪ್ರಕಟಣೆಯನ್ನೇ ಹೊರಡಿಸಿತು.

ಸಾಚಾ ಯಾವುದು, ಖೋಟಾ ಯಾವುದು ಎಂದು ತಿಳಿಯಲು ದಾರಿಯಿದೆ. ಅಂಚೆಯಲ್ಲಿ ಬಂದ ವಸ್ತುವಿನ ಸುಂಕವನ್ನು ಅಂಚೆಯವರೇ ವಸೂಲು ಮಾಡಿ, ವಸ್ತು ಕೊಡುವಾಗ ರಸೀದಿ ಕೊಡುತ್ತಾರೆ. ಯಾರದೋ ಖಾಸಗಿ ಖಾತೆಗೆ ಹಣ ಹಾಕುವ ಪದ್ಧತಿ ಇಲ್ಲ. ಕಸ್ಟಮ್ಸ್ ಇಲಾಖೆ ಕಳಿಸುವ ಪತ್ರಗಳಿಗೆ 2019ರ ನವೆಂಬರಿನಿಂದ 'ಡಿನ್' ಎಂಬ ಗುರುತಿನ ಸಂಖ್ಯೆ ಹಾಕುವ ನಿಯಮವಿದೆ. ಅದು ನಿಜವೇ ಎಂದು ಇಲಾಖೆಯ ತಾಣದಲ್ಲಿ ನೋಡಬಹುದು. ಮೋಸ ಹೋದರೆ 1930ಕ್ಕೆ ಕೂಡಲೇ ಫೋನ್ ಮಾಡಬೇಕು. ನಾಚಿಕೆಯಿಂದ ಮುಚ್ಚಿಟ್ಟ ಒಂದೊಂದು ಗಂಟೆಯೂ ಕಳ್ಳನಿಗೆ ಲಾಭ.

ಮಾಡಬೇಕಾದ್ದು

ಹವ್ಯಾಸಿ ಮಾಡಬಹುದಾದ್ದು ಹೆಚ್ಚೇನಿಲ್ಲ, ಆದರೆ ಮಾಡಿದರೆ ಅರ್ಧ ತಡ ತಪ್ಪುತ್ತದೆ. ಹಣ ಕಟ್ಟುವ ಮೊದಲೇ ಮಾರಾಟಗಾರನಿಗೆ ಬರೆದು ತಿಳಿಸಬೇಕು: ಚೀಟಿಯಲ್ಲಿ 'ಸಂಗ್ರಹಕ್ಕಾಗಿ ಹಳೆಯ ತಾಮ್ರದ ನಾಣ್ಯ, ಒಂದು' ಎಂದು, ಇಂಥ ರಾಜ್ಯದ್ದು, ಇಂಥ ಕಾಲದ್ದು ಎಂದು, ಕೊಟ್ಟ ಬೆಲೆಯನ್ನೇ ನಮೂದಿಸಿ ಬರೆಯಲಿ. ಬಿಲ್ಲಿನ ಒಂದು ಪ್ರತಿ ಲಕೋಟೆಯ ಒಳಗೂ ಇರಲಿ. ಸುಂಕದ ಲೆಕ್ಕಕ್ಕೆ ನಾಣ್ಯದ ಬೆಲೆಯ ಜೊತೆ ಸಾಗಾಣಿಕೆ ಮತ್ತು ವಿಮೆಯ ಖರ್ಚೂ ಸೇರುತ್ತದೆಂಬುದನ್ನು ಮೊದಲೇ ಲೆಕ್ಕ ಹಾಕಿರಬೇಕು. ಕಡಿಮೆ ಬೆಲೆ ಬರೆಸಿದವನಿಗೆ ಇನ್ನೊಂದು ಏಟು ಕಾದಿದೆ. ಲಕೋಟೆ ಕಳೆದರೆ ವಿಮೆಯವರು ಕೊಡುವುದು ಬರೆದ ಬೆಲೆಯನ್ನೇ ಹೊರತು ನಿಜವಾದ ಬೆಲೆಯನ್ನಲ್ಲ.

ಕಟ್ಟುವ ರೀತಿಯೂ ಮುಖ್ಯ. ಎರಡು ರಟ್ಟಿನ ನಡುವೆ ನಾಣ್ಯ ಅಲುಗದಂತೆ ಇರಬೇಕು. ಗಲಗಲ ಸದ್ದಾದ ಲಕೋಟೆ ಎಲ್ಲರ ಕಿವಿಯನ್ನೂ ನೆಟ್ಟಗೆ ಮಾಡುತ್ತದೆ. ಮೆತ್ತನೆಯ ಪಿ.ವಿ.ಸಿ. ಪ್ಲಾಸ್ಟಿಕ್ ಚೀಲ ಬೇಡ. ವಾರಗಟ್ಟಲೆ ಸೆಖೆಯಲ್ಲಿ ಕೂತರೆ ಅದು ಒಸರಿ ತಾಮ್ರ, ಬೆಳ್ಳಿಯ ಮೇಲೆ ಹಸಿರು ಜಿಗುಟು ಬಿಡುತ್ತದೆ. ಬಂದ ನಾಣ್ಯವನ್ನು ಹುಣಿಸೆಹಣ್ಣು ಹಚ್ಚಿ ಥಳಥಳ ತಿಕ್ಕುವುದಂತೂ ಕೂಡದು. ಹೊಳಪು ಬಂದಷ್ಟು ಬೆಲೆ ಇಳಿಯುತ್ತದೆ.

ಕಸ್ಟಮ್ಸಿನಿಂದ ಕಾಗದ ಬಂದರೆ ಹೆದರದೆ ಉತ್ತರ ಬರೆಯಬೇಕು. ನಾಣ್ಯದ ಚಿತ್ರ, ಯಾವ ರಾಜನದು ಎಂಬ ಎರಡು ಸಾಲು ವಿವರ, ಬಿಲ್ಲು, ಹಣ ಕಟ್ಟಿದ ಪುರಾವೆ ಇಷ್ಟನ್ನು ಲಗತ್ತಿಸಿದರೆ ಓದುವ ಅಧಿಕಾರಿಗೂ ಕೆಲಸ ಹಗುರ. ಮುಟ್ಟುಗೋಲಿನ ಮಾತು ಬಂದರೂ ಕಾಯಿದೆಯ 124ನೆಯ ಕಲಮಿನಂತೆ ಮೊದಲು ನೋಟಿಸು ಕೊಟ್ಟು, ಹೇಳುವುದನ್ನು ಕೇಳಬೇಕು. ಆದೇಶ ಒಪ್ಪಿಗೆಯಾಗದಿದ್ದರೆ 60 ದಿನಗಳೊಳಗೆ ಮೇಲ್ಮನವಿಗೆ ಅವಕಾಶವಿದೆ. ಸುಂಕದವನ ಮುಂದೆ ಸುಖದುಃಖ ಹೇಳಿ ಫಲವಿಲ್ಲ, ನಿಜ; ಆದರೆ ಕಾಗದಪತ್ರ ಇಟ್ಟರೆ ಫಲವುಂಟು.

ಕಾಗದವೇ ಜಾತಕ

ಇಷ್ಟೆಲ್ಲ ಕಾಗದ ಏತಕ್ಕೆ ಎಂದು ಬೇಸರಪಡುವವರು ಚಂದ್ರವಳ್ಳಿಯನ್ನು ನೆನೆಯಬೇಕು. ಅಲ್ಲಿ ಸಿಕ್ಕ ತಿಬೇರಿಯಸನ ಬೆಳ್ಳಿ ನಾಣ್ಯದಂಥವು ಯೂರೋಪಿನ ಅಂಗಡಿಗಳಲ್ಲಿ ಬೇಕಾದಷ್ಟಿವೆ. ಬೆಲೆಯ ದೃಷ್ಟಿಯಿಂದ ಅದೇನೂ ಅಪರೂಪವಲ್ಲ. ಆದರೆ ಅದು ಯಾವ ಗುಂಡಿಯಲ್ಲಿ, ಯಾವ ಮಣ್ಣಿನ ಪದರದಲ್ಲಿ, ಯಾವ ಮಡಕೆ ಚೂರುಗಳ ಜೊತೆ ಸಿಕ್ಕಿತೆಂದು ಬರೆದಿಟ್ಟಿದ್ದರಿಂದ, ಆ ಪದರದ ಜನ ಬದುಕಿದ್ದು ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಎಂದು ಹೇಳಲು ದಾರಿಯಾಯಿತು. ಅದೇ ನಾಣ್ಯವನ್ನು ಯಾರಾದರೂ ಆರಿಸಿ ಜೇಬಿಗೆ ಹಾಕಿಕೊಂಡು ಮಾರಿಬಿಟ್ಟಿದ್ದರೆ ಅದು ಬರಿಯ ಬೆಳ್ಳಿ.

ಚಳ್ಳಕೆರೆ, ಮೊಳಕಾಲ್ಮೂರಿನ ನೆಲದಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ಬಿ.ಎಲ್. ರೈಸ್ 1892ರಲ್ಲಿ ಅಶೋಕನ ಶಾಸನಗಳನ್ನು ಪತ್ತೆಹಚ್ಚಿದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳು ಇರುವುದು ಈ ಬಯಲಿನಲ್ಲಿ. ಸಡಕನ ಕಳಲಾಯ ಮಹಾರಠಿ ಎಂಬ ಒಡೆಯನ, ಗೂಳಿಯ ಚಿತ್ರದ ಸೀಸದ ನಾಣ್ಯಗಳು ದೊರೆಯುವುದು ಈ ಸೀಮೆಯಲ್ಲಿ. ಇಂಥ ನೆಲದಲ್ಲಿ ಉಳುವಾಗ ನೇಗಿಲಿಗೆ ಗಡಿಗೆ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ನಿಧಿ ಕಾಯಿದೆ ಹೇಳುತ್ತದೆ. ರಾತ್ರೋರಾತ್ರಿ ಬಂದು ಕಿಲೋ ಲೆಕ್ಕದಲ್ಲಿ ಕೊಳ್ಳುವ ದಲ್ಲಾಳಿಗೆ ಕೊಟ್ಟರೆ ಸಿಗುವುದು ನಾಲ್ಕು ಕಾಸು, ಹೋಗುವುದು ಒಂದು ಊರಿನ ಚರಿತ್ರೆ. ಆ ನಾಣ್ಯ ಹೇಗೋ ಗಡಿ ದಾಟಿ, ಹತ್ತಾರು ವರ್ಷದ ಮೇಲೆ ಯಾವುದೋ ಹರಾಜಿನ ಪಟ್ಟಿಯಲ್ಲಿ 'ದಕ್ಷಿಣ ಭಾರತ, ಸೀಸ' ಎಂದು ಮಾತ್ರ ಬರೆಸಿಕೊಂಡು ಕೂತಿರುತ್ತದೆ. ಸ್ವಂತ ಊರಿನ ಹೆಸರು ಹೇಳಲು ಅದಕ್ಕೆ ಬಾಯಿಲ್ಲ.

ಹೀಗೆ ನೋಡಿದರೆ ಮೇಷ್ಟ್ರನ್ನು ಎರಡು ತಿಂಗಳು ಕಾಯಿಸಿದ ಚೀಟಿ, ಬಿಲ್ಲು, ಸುಂಕದ ರಸೀದಿಗಳು ಬರಿಯ ಕಿರಿಕಿರಿಯಲ್ಲ. ಆ ಪೈಸೆ ಯಾರಿಂದ ಯಾರಿಗೆ, ಯಾವ ದಿನ, ಯಾವ ದಾರಿಯಲ್ಲಿ ಬಂತೆಂಬುದಕ್ಕೆ ಸರ್ಕಾರದ ಮುದ್ರೆ ಬಿದ್ದ ಸಾಕ್ಷಿಗಳು. ನಾಳೆ ಅದನ್ನು ಚಿತ್ರದುರ್ಗದ ವಸ್ತುಸಂಗ್ರಹಾಲಯಕ್ಕೆ ಕೊಡಬೇಕೆನಿಸಿದರೂ, ಮಕ್ಕಳಿಗೆ ಬಿಟ್ಟುಹೋಗಬೇಕೆನಿಸಿದರೂ 'ಇದು ಕದ್ದ ಮಾಲಲ್ಲ' ಎಂದು ಹೇಳುವ ಜಾತಕ ಅದೇ. ನಾಣ್ಯವನ್ನು ಹತ್ತಿಯ ಮೇಲಿಟ್ಟು ಕಾಪಾಡುವ ಹವ್ಯಾಸಿ ಆ ಹರಕು ಲಕೋಟೆಯನ್ನೂ ಅದರ ಪಕ್ಕದಲ್ಲೇ ಮಡಿಸಿಡುವುದು ಒಳ್ಳೆಯದು.